ಟಚ್‌ಪ್ಯಾಡ್ ಹೊಂದಾಣಿಕೆ

ಟಚ್‌ಪ್ಯಾಡ್ ಅಥವಾ ಸ್ಪರ್ಶಫಲಕವು ಲ್ಯಾಪ್‌ಟಾಪ್ ಗಣಕದಲ್ಲಿ ಕೀಲಿಮಣೆಯ ಕೆಳಭಾಗದಲ್ಲಿರುವ, ಬೆರಳಿನ ಚಲನೆಯಿಂದ ತೆರೆಯ ಮೇಲಿನ ಸೂಚಕವನ್ನು ನಡೆಸುವ ಸಾಧನ. ಟೈಪ್ ಮಾಡುವಾಗ ಅಂಗೈ ಅಥವಾ ಹೆಬ್ಬೆರಳು ಇದಕ್ಕೆ ತಾಗಿದರೆ ಸೂಚಕವು ಬೇರೆಡೆಗೆ ಜಿಗಿಯಬಹುದು. ಬೇಡದ ಪಠ್ಯ ಆಯ್ಕೆಯಾಗಬಹುದು. ಆ ಬಳಿಕ ಒತ್ತಿದ ಮೊದಲ ಕೀಲಿಯೇ ಆಯ್ಕೆಯಾದ ಭಾಗವನ್ನೆಲ್ಲ ಅಳಿಸಿಬಿಡಬಹುದು. ಇದನ್ನು ತಡೆಯಲು ಸ್ಪರ್ಶಫಲಕ ಮತ್ತು ಸೂಚಕದ ವರ್ತನೆಯನ್ನು ಬಳಕೆದಾರರ ಅಗತ್ಯಕ್ಕೆ ತಕ್ಕಂತೆ ಬದಲಿಸುವುದೇ ಟಚ್‌ಪ್ಯಾಡ್ ಹೊಂದಾಣಿಕೆ.

ಹಿನ್ನೆಲೆ

ಇಂದಿನ ಬಗೆಯ ಸ್ಪರ್ಶಫಲಕವನ್ನು 1980ರ ದಶಕದ ಕೊನೆಯಲ್ಲಿ ಜಾರ್ಜ್ ಗರ್ಫೈಡ್ ರೂಪಿಸಿದರು. 1994ರಲ್ಲಿ ಆಪಲ್ ಸಂಸ್ಥೆಯ ಪವರ್‌ಬುಕ್ 500 ಶ್ರೇಣಿಯಲ್ಲಿ ಇದನ್ನು ಅಳವಡಿಸಿದ ಮೇಲೆ ಇದರ ಬಳಕೆ ವ್ಯಾಪಕವಾಯಿತು. ಅದಕ್ಕೆ ಮೊದಲು ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಉರುಳುವ ಗೋಲಿ, ಅಂದರೆ ಟ್ರ್ಯಾಕ್‌ಬಾಲ್, ಇರುತ್ತಿತ್ತು. ಕರ್ನಾಟಕ ಸರ್ಕಾರವು ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ವಿತರಿಸಿದ ನಂತರ, ಮೌಸ್ ಇಲ್ಲದೆ ಸ್ಪರ್ಶಫಲಕವನ್ನೇ ನೆಚ್ಚಿಕೊಂಡು ಗಣಕ ಕಲಿಯುವವರು ಗ್ರಾಮೀಣ ಭಾಗಗಳಲ್ಲಿಯೂ ಇದ್ದಾರೆ.

ಕಾರ್ಯವಿಧಾನ

ಫಲಕದ ಮೇಲ್ಮೈಯ ಅಡಿಯಲ್ಲಿ ಸೂಕ್ಷ್ಮ ವಿದ್ಯುದ್ವಾಹಕಗಳ ಜಾಲವಿರುತ್ತದೆ. ಮನುಷ್ಯನ ಬೆರಳು ವಿದ್ಯುದ್ವಾಹಕವಾದುದರಿಂದ ಅದು ಸಮೀಪಿಸಿದಾಗ ಜಾಲದ ಧಾರಕತೆ ಬದಲಾಗುತ್ತದೆ. ಈ ಬದಲಾವಣೆಯನ್ನು ಅಳೆದು ಬೆರಳು ಎಲ್ಲಿದೆ, ಎತ್ತ ಚಲಿಸಿತು ಎಂಬುದನ್ನು ನಿರ್ಣಯಿಸಲಾಗುತ್ತದೆ. ತಾಗಿದ ಭಾಗದ ವಿಸ್ತಾರ ಮತ್ತು ಸ್ಥಾನವನ್ನು ನೋಡಿ ಅದು ಬೆರಳೋ ಅಂಗೈಯೋ ಎಂದು ತಂತ್ರಾಂಶವು ಊಹಿಸುತ್ತದೆ. ಈ ಊಹೆ ತಪ್ಪಿದಾಗ ಆಕಸ್ಮಿಕ ಸ್ಪರ್ಶವೂ ಆಜ್ಞೆಯಾಗಿ ಪರಿಣಮಿಸುತ್ತದೆ. ಬೆರಳು ಒದ್ದೆಯಾಗಿದ್ದರೂ ಫಲಕದ ಮೇಲೆ ಜಿಡ್ಡು ಕೂತಿದ್ದರೂ ತಪ್ಪು ಹೆಚ್ಚುತ್ತದೆ.

ಬೇಡದ ಆಯ್ಕೆಗೆ ಮುಖ್ಯ ಕಾರಣಗಳು ಎರಡು. ಮೊದಲನೆಯದು, ಗುಂಡಿಯನ್ನು ಒತ್ತದೆ ಬರಿದೇ ತಟ್ಟಿದರೂ ಅದನ್ನು ಕ್ಲಿಕ್ ಎಂದು ಪರಿಗಣಿಸುವ ಸೌಲಭ್ಯ. ಎರಡನೆಯದು, ಎರಡು ಬಾರಿ ತಟ್ಟಿ ಬೆರಳನ್ನು ಎಳೆದರೆ ಪಠ್ಯವನ್ನು ಆಯ್ದುಕೊಳ್ಳುವ ಸೌಲಭ್ಯ. ಎರಡೂ ಅನುಕೂಲಕ್ಕಾಗಿಯೇ ಇರುವಂಥವು. ಆದರೆ ಸ್ಪರ್ಶಕ್ಕೂ ಆಜ್ಞೆಗೂ ಇರುವ ಅಂತರವನ್ನು ಇವು ಅಳಿಸಿಹಾಕುತ್ತವೆ.

ಕನ್ನಡ ಪಠ್ಯದಲ್ಲಿ ಪರಿಣಾಮ

ಯುನಿಕೋಡ್‌ನಲ್ಲಿ ಕನ್ನಡದ ಒಂದು ಅಕ್ಷರವು ಹಲವು ಸಂಕೇತಗಳಿಂದ ಕೂಡಿರಬಹುದು. 'ಶ್ರೀ' ಎಂಬುದರಲ್ಲಿ ಶಕಾರ, ವಿರಾಮ ಚಿಹ್ನೆ, ರಕಾರ, ಈಕಾರದ ಗುರುತು ಎಂದು 4 ಸಂಕೇತಗಳಿವೆ. 'ಶ್ರೀರಂಗಪಟ್ಟಣ' ಮತ್ತು 'ಕೃಷ್ಣರಾಜಪೇಟೆ' ಎಂಬ ಹೆಸರುಗಳು ತಲಾ 6 ಅಕ್ಷರಗಳಾಗಿ ಕಂಡರೂ ಅವುಗಳಲ್ಲಿ ತಲಾ 12 ಸಂಕೇತಗಳಿವೆ. ಸಂಯುಕ್ತಾಕ್ಷರದ ನಡುವೆ ಸೂಚಕವು ಜಿಗಿದರೆ ಉಳಿದ ಗುರುತು ಬೇರೊಂದು ಪದಕ್ಕೆ ಅಂಟಿಕೊಂಡು ಎರಡು ಪದಗಳೂ ಕೆಡುತ್ತವೆ. ಆದ್ದರಿಂದ ಕನ್ನಡದಲ್ಲಿ ಪ್ರಬಂಧ ಅಥವಾ ವರದಿ ಸಿದ್ಧಪಡಿಸುವವರಿಗೆ ಈ ಹೊಂದಾಣಿಕೆ ಹೆಚ್ಚು ಉಪಯುಕ್ತ.

ಆನ್‌ಲೈನ್ ಅರ್ಜಿಗಳಲ್ಲಿ

ಪಟ್ಟಿಯಿಂದ ಆರಿಸಬೇಕಾದ ಅರ್ಜಿಗಳಲ್ಲಿ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮಂಡ್ಯ ಜಿಲ್ಲೆಯ 7 ತಾಲ್ಲೂಕುಗಳ ಪೈಕಿ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಾಲ್ಲೂಕುಗಳನ್ನು ಅಕಾರಾದಿಯಾಗಿ ಜೋಡಿಸಿದಾಗ ನಾಗಮಂಗಲ ಮತ್ತು ಪಾಂಡವಪುರ ಒಂದರ ಕೆಳಗೊಂದು ಬರುತ್ತವೆ. ಪಟ್ಟಿ ತೆರೆದಿರುವಾಗ ಬೆರಳು ತುಸು ಜಾರಿ ತಟ್ಟಿದರೂ ಪಕ್ಕದ ಹೆಸರು ಆಯ್ಕೆಯಾಗುತ್ತದೆ. ಕೆಲವು ಬ್ರೌಸರ್‌ಗಳಲ್ಲಿ ಪಟ್ಟಿ ಮುಚ್ಚಿದ ಮೇಲೂ ಎರಡು ಬೆರಳಿನಿಂದ ಪುಟ ಸರಿಸುವಾಗ ಆಯ್ಕೆ ಬದಲಾಗುವುದುಂಟು.

ತಾಲ್ಲೂಕು ತಪ್ಪಾದರೆ ಕಿಕ್ಕೇರಿ, ಮೇಲುಕೋಟೆ, ಬೆಳಗೊಳ, ಬಿಂಡಿಗನವಿಲೆ ಮುಂತಾದ ಹೋಬಳಿಗಳ ಹೆಸರು ಮುಂದಿನ ಪಟ್ಟಿಯಲ್ಲಿ ಸಿಗದೆ ತಪ್ಪು ತಿಳಿಯುತ್ತದೆ. ಆದರೆ 'ಕಸಬಾ' ಎಂಬ ಹೋಬಳಿಯು ಈ ನಾಲ್ಕೂ ತಾಲ್ಲೂಕುಗಳಲ್ಲಿದೆ. ಹೀಗಾಗಿ ಆ ಹಂತದಲ್ಲಿ ತಪ್ಪು ಗೊತ್ತಾಗದೆ ಉಳಿಯಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರದಂತಹ ಅರ್ಜಿಗಳಲ್ಲಿ ಇದರಿಂದ ವಿಳಂಬವಾದರೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕವೂ ಮೀರಬಹುದು. ಪ್ರತಿ ಆಯ್ಕೆಯ ನಂತರ ಪುಟದ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡುವುದು, ಸಲ್ಲಿಸುವ ಮೊದಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಮತ್ತೆ ಓದುವುದು ಸೂಕ್ತ.

ಹೊಂದಾಣಿಕೆಯ ಕ್ರಮ

ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಡಿವೈಸಸ್, ಟಚ್‌ಪ್ಯಾಡ್ ಎಂಬ ಕ್ರಮದಲ್ಲಿಯೂ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಮತ್ತು ಡಿವೈಸಸ್, ಟಚ್‌ಪ್ಯಾಡ್ ಎಂಬ ಕ್ರಮದಲ್ಲಿಯೂ ಈ ಪುಟವನ್ನು ತಲುಪಬಹುದು. ಅಲ್ಲಿ ಮಾಡಬಹುದಾದ ಬದಲಾವಣೆಗಳು:

• ಎರಡು ಬಾರಿ ತಟ್ಟಿ ಎಳೆಯುವ ಆಯ್ಕೆಯನ್ನು ಮೊದಲು ತೆಗೆಯುವುದು.
• ತೊಂದರೆ ಮುಂದುವರಿದರೆ ಒಂದು ಬೆರಳಿನಿಂದ ತಟ್ಟುವ ಕ್ಲಿಕ್ಕನ್ನೂ ತೆಗೆಯುವುದು. ಬಳಿಕ ಫಲಕವನ್ನು ಒತ್ತಿದರೆ ಮಾತ್ರ ಕ್ಲಿಕ್ ಆಗುತ್ತದೆ.
• ಸಂವೇದನೆಯ ಮಟ್ಟವನ್ನು ಕಡಿಮೆ ಮಾಡುವುದು. ಇದರಿಂದ ಟೈಪ್ ಮಾಡುವಾಗ ಆಗುವ ಆಕಸ್ಮಿಕ ಸ್ಪರ್ಶಗಳು ಹೆಚ್ಚಾಗಿ ಲೆಕ್ಕಕ್ಕೆ ಬರುವುದಿಲ್ಲ.
• ಮೌಸ್ ಬಳಸುವವರು, ಮೌಸ್ ಜೋಡಿಸಿದಾಗಲೂ ಫಲಕ ಚಾಲನೆಯಲ್ಲಿರಲಿ ಎಂಬ ಆಯ್ಕೆಯನ್ನು ತೆಗೆಯುವುದು.
• ಸೂಚಕದ ವೇಗವನ್ನು ತಗ್ಗಿಸುವುದು.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇವುಗಳಲ್ಲಿ ಕೆಲವು ಕಾಣಿಸದಿರಬಹುದು. ಅಂತಹವುಗಳಲ್ಲಿ ತಯಾರಕರ ಪ್ರತ್ಯೇಕ ತಂತ್ರಾಂಶವಿರುತ್ತದೆ. ಮೌಸ್ ಗುಣಲಕ್ಷಣಗಳ ಕಿಟಕಿಯಲ್ಲಿರುವ 'ಕ್ಲಿಕ್‌ಲಾಕ್' ಚಾಲನೆಯಲ್ಲಿದ್ದರೆ ಗುಂಡಿಯಿಂದ ಕೈ ತೆಗೆದ ಮೇಲೂ ಆಯ್ಕೆ ಮುಂದುವರಿಯುತ್ತದೆ. ಅದನ್ನೂ ಪರಿಶೀಲಿಸಬೇಕು.

ಲಿನಕ್ಸ್‌ನ ಗ್ನೋಮ್ ಪರಿಸರದಲ್ಲಿ ಸೆಟ್ಟಿಂಗ್ಸ್‌ನ ಮೌಸ್ ಮತ್ತು ಟಚ್‌ಪ್ಯಾಡ್ ಪುಟದಲ್ಲಿ ತಟ್ಟಿ ಕ್ಲಿಕ್ ಮಾಡುವುದನ್ನು ನಿಲ್ಲಿಸಬಹುದು. ಹೊಸ ಆವೃತ್ತಿಗಳಲ್ಲಿ ಟೈಪ್ ಮಾಡುವಾಗ ಫಲಕವನ್ನು ತಡೆಯುವ ಆಯ್ಕೆಯೂ ಅಲ್ಲಿಯೇ ಇದೆ. ಮ್ಯಾಕ್ ಗಣಕಗಳಲ್ಲಿ ತಟ್ಟಿ ಕ್ಲಿಕ್ ಮಾಡುವ ಆಯ್ಕೆಯು ಟ್ರ್ಯಾಕ್‌ಪ್ಯಾಡ್ ವಿಭಾಗದಲ್ಲಿದೆ. ಎಳೆಯುವ ವಿಧಾನ ಮತ್ತು ಮೌಸ್ ಜೋಡಿಸಿದಾಗ ಫಲಕವನ್ನು ನಿಲ್ಲಿಸುವ ಆಯ್ಕೆ ಆಕ್ಸೆಸಿಬಿಲಿಟಿ ವಿಭಾಗದ ಪಾಯಿಂಟರ್ ಕಂಟ್ರೋಲ್‌ನಲ್ಲಿವೆ.

ಅಳಿದ ಪಠ್ಯದ ಮರುಪಡೆಯುವಿಕೆ

ಪಠ್ಯ ಅಳಿದ ಕೂಡಲೇ ಟೈಪ್ ಮಾಡುವುದನ್ನು ನಿಲ್ಲಿಸಿ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಅದು ಮರಳುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್ ಕೀಲಿ ಬಳಸಬೇಕು. ಮೈಕ್ರೋಸಾಫ್ಟ್ ವರ್ಡ್‌ನ ವಿಂಡೋಸ್ ಆವೃತ್ತಿಯಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂಬಲ್ಲಿ, ಟೈಪ್ ಮಾಡಿದ್ದು ಆಯ್ದ ಪಠ್ಯದ ಸ್ಥಾನಕ್ಕೆ ಬರಲಿ ಎಂಬ ಗುರುತನ್ನು ತೆಗೆದರೆ ಈ ಬಗೆಯ ಅಳಿವನ್ನು ತಡೆಯಬಹುದು.

ಎಚ್ಚರಿಕೆ

ಹೊಂದಾಣಿಕೆಯ ನಂತರವೂ ಸೂಚಕ ತಾನಾಗಿ ಚಲಿಸುತ್ತಿದ್ದರೆ ಚಾರ್ಜರ್ ತೆಗೆದು ನೋಡಬೇಕು. ಆಗ ಸರಿಹೋದರೆ ದೋಷವು ವಿದ್ಯುತ್ ಪೂರೈಕೆಯ ಕಡೆಗಿರುವ ಸಾಧ್ಯತೆಯಿದೆ. ಫಲಕವು ಮೇಲೆದ್ದಿದ್ದರೆ ಅಥವಾ ಒತ್ತಲು ಗಟ್ಟಿಯಾಗಿದ್ದರೆ ಕೆಳಗಿರುವ ಬ್ಯಾಟರಿ ಉಬ್ಬಿರಬಹುದು. ಉಬ್ಬಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಚಾರ್ಜ್ ಮಾಡುವುದನ್ನೂ ಬಳಸುವುದನ್ನೂ ನಿಲ್ಲಿಸಿ, ಫಲಕವನ್ನು ಒತ್ತದೆ, ಲ್ಯಾಪ್‌ಟಾಪನ್ನು ದುರಸ್ತಿ ಕೇಂದ್ರಕ್ಕೆ ಒಯ್ಯಬೇಕು.