ಬಕಲ್ಲಿನ ಹಿಂಬದಿ

ನೀವು ಎನ್.ಸಿ.ಸಿ. ಸೇರಿದ್ದರೆ, ಪರೇಡಿನ ಹಿಂದಿನ ರಾತ್ರಿ ಬೆಲ್ಟಿನ ಹಿತ್ತಾಳೆಗೆ ಬ್ರಾಸೋ ಹಚ್ಚಿ ತಿಕ್ಕಿದ ಅನುಭವ ಇದ್ದೇ ಇರುತ್ತದೆ. ಆಗ ಎಂದಾದರೂ ಬಕಲ್ಲಿನ ಹಿಂಬದಿಯನ್ನು ನೋಡಿದ್ದೀರಾ? ಹಳೆಯ ಸೇನಾ ಬಕಲ್ಲುಗಳನ್ನು ಪರೀಕ್ಷಿಸುವವರು ಮುಂಬದಿಯಷ್ಟೇ ಆಸಕ್ತಿಯಿಂದ ಅದನ್ನೂ ನೋಡುತ್ತಾರೆ. ಜರ್ಮನಿಯ ಬಕಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

1847ರಲ್ಲಿ ಪ್ರಷ್ಯಾ ರಾಜ್ಯವು ತನ್ನ ಸಾಮಾನ್ಯ ಸೈನಿಕರಿಗೆ ಆಯತಾಕಾರದ ಹಿತ್ತಾಳೆ ಬಕಲ್ ಕೊಟ್ಟಿತು. ನಡುವೆ ಬಿಳಿ ಲೋಹದ ಬಿಲ್ಲೆ. ಅದರಲ್ಲಿ ಕಿರೀಟ ಮತ್ತು 'ಗಾಟ್ ಮಿಟ್ ಉನ್ಸ್' ಎಂಬ ಮಾತು. ದೇವರು ನಮ್ಮೊಂದಿಗಿದ್ದಾನೆ ಎಂದು ಅರ್ಥ. 1871ರಲ್ಲಿ ಜರ್ಮನಿ ಒಂದೇ ಸಾಮ್ರಾಜ್ಯವಾಯಿತೆಂದು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಆದರೆ ಆಮೇಲೂ ಬವೇರಿಯಾದ ಸೈನಿಕನ ಬಕಲ್ಲಿನಲ್ಲಿ 'ನಿಷ್ಠೆಯಲ್ಲಿ ಅಚಲ' ಎಂದೇ ಇತ್ತು. ವ್ಯೂರ್ಟೆಂಬರ್ಗಿನವನದರಲ್ಲಿ 'ನಿರ್ಭೀತ, ನಿಷ್ಠಾವಂತ' ಎಂದು. ಒಂದೇ ಸಾಮ್ರಾಜ್ಯ, ಆದರೆ ಸೊಂಟದ ಮೇಲೆ ಬೇರೆ ಬೇರೆ ರಾಜ್ಯ!

ನಾನು ಓದಿದ್ದು ವಿಜ್ಞಾನ. ಹಾಗಾಗಿ ಅಕ್ಷರಕ್ಕಿಂತ ಮೊದಲು ನನ್ನ ಕಣ್ಣು ಹೋಗುವುದು ಲೋಹದ ಮೇಲೆ. ಮೊದಲ ಮಹಾಯುದ್ಧ ಆರಂಭವಾದ ಮರುವರ್ಷ, 1915ರಲ್ಲಿ, ಹಿತ್ತಾಳೆಯ ಬದಲು ಬೂದುಬಣ್ಣ ಬಳಿದ ಉಕ್ಕಿನ ಬಕಲ್ ಬಂತು. ಬ್ರಿಟಿಷ್ ನೌಕಾಪಡೆ ಸಮುದ್ರಮಾರ್ಗಗಳನ್ನು ತಡೆದಿತ್ತು. ಇದ್ದ ತಾಮ್ರ, ಹಿತ್ತಾಳೆಯೆಲ್ಲ ತೋಟಾ ಮತ್ತು ಷೆಲ್ಲುಗಳಿಗೆ ಬೇಕಾಗಿತ್ತು. ನಿಮ್ಮ ಬಳಿ ಒಂದು ಆಯಸ್ಕಾಂತವಿದ್ದರೆ ಈ ಅಭಾವವನ್ನು ನೀವೇ ಪತ್ತೆಮಾಡಬಹುದು: ಹಿತ್ತಾಳೆ ಅಂಟುವುದಿಲ್ಲ, ಉಕ್ಕು ಅಂಟುತ್ತದೆ. ಎರಡನೆಯ ಮಹಾಯುದ್ಧದಲ್ಲೂ ಇದೇ ಕಥೆ. ಆಗ ಜಾಗ ಬಿಟ್ಟುಕೊಟ್ಟದ್ದು ಅಲ್ಯೂಮಿನಿಯಂ.

ಅಷ್ಟರಲ್ಲಿ ಮುಂಬದಿಯೂ ಬದಲಾಗಿತ್ತು. 1918ರಲ್ಲಿ ಚಕ್ರವರ್ತಿ ಹೋದ, ಕಿರೀಟವೂ ಹೋಯಿತು. ಗಣರಾಜ್ಯವು ಅಲ್ಲಿ ತನ್ನ ಹದ್ದನ್ನು ಕೂರಿಸಿತು. 1936ರಲ್ಲಿ ಹಿಟ್ಲರನ ಸೇನೆಯ ಬಕಲ್ಲಿಗೆ ಸ್ವಸ್ತಿಕ ಹಿಡಿದ ಹದ್ದು ಬಂತು. ಮೂರೂ ಆಡಳಿತಗಳಲ್ಲಿ ಬದಲಾಗದೆ ಉಳಿದದ್ದು ದೇವರ ಮಾತು ಮಾತ್ರ. ಪೋಲೆಂಡಿನ ಮೇಲೆ, ರಷ್ಯದ ಮೇಲೆ ದಾಳಿ ಮಾಡಿದವರ ಸೊಂಟದಲ್ಲೂ ಅದೇ ಇತ್ತು ಎಂಬುದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ. ನಾಜಿಗಳ ಎಸ್.ಎಸ್. ಪಡೆಗೆ ಮಾತ್ರ ದೇವರೂ ಬೇಕಾಗಿರಲಿಲ್ಲ. ಅವರ ಬಕಲ್ಲಿನಲ್ಲಿದ್ದದ್ದು 'ನನ್ನ ಮಾನದ ಹೆಸರೇ ನಿಷ್ಠೆ'.

ಈಗ ತಿರುಗಿಸಿ ನೋಡೋಣ. ಈ ಕಾಲದ ಅನೇಕ ಬಕಲ್ಲುಗಳ ಹಿಂದೆ ಹೊಲಿದ ಪುಟ್ಟ ಚರ್ಮದ ಪಟ್ಟಿಯ ಮೇಲೆ ತಯಾರಕನ ಹೆಸರು, ಇಸವಿ ಒತ್ತಿರುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡಿ! ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುವುದರಿಂದ ನಕಲಿಗಳು ಬಹಳ. ಅಸಲಿಯನ್ನು ಸಾಮಾನ್ಯವಾಗಿ ತೆಳು ತಗಡಿನಿಂದ ಅಚ್ಚಿನಲ್ಲಿ ಒತ್ತಿ ಮಾಡುತ್ತಿದ್ದರು. ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿರುತ್ತದೆ. ಕರಗಿಸಿ ಎರಕ ಹೊಯ್ದ ನಕಲಿಯ ಹಿಂಬದಿ ಹೆಚ್ಚಾಗಿ ಸಪಾಟು, ಮೈ ಒರಟು.

ಇಂಥ ಬಕಲ್ಲುಗಳು ಪೂರ್ವ ಯುರೋಪಿನ ಹೊಲ, ಕಾಡುಗಳ ಮಣ್ಣಿನಿಂದ ಈಗಲೂ ಏಳುತ್ತಿವೆ, ಕೆಲವೊಮ್ಮೆ ಮೂಳೆಗಳ ಜೊತೆಗೆ. 1919ರಲ್ಲಿ ಸ್ಥಾಪನೆಯಾದ ಜರ್ಮನ್ ಯುದ್ಧಸಮಾಧಿ ಸಂಸ್ಥೆಯೊಂದು ಇಂದಿಗೂ ಆ ಮೃತರನ್ನು ಹುಡುಕಿ ಸಮಾಧಿ ಮಾಡುತ್ತಿದೆ. ಬಕಲ್ ಸಿಕ್ಕರೆ ಆತ ಯಾವ ಸೇನೆಯವನೆಂದು ಊಹಿಸಬಹುದು. ಹೆಸರು ತಿಳಿಯಬೇಕಾದರೆ ಕೊರಳಲ್ಲಿದ್ದ ಗುರುತಿನ ಬಿಲ್ಲೆ ಬೇಕು. ಸೈನಿಕ ಸತ್ತಾಗ ಅದರ ಅರ್ಧವನ್ನು ಮುರಿದುಕೊಂಡು, ಇನ್ನರ್ಧವನ್ನು ಶವದ ಮೇಲೆಯೇ ಬಿಡುತ್ತಿದ್ದರು. ಮಾರಾಟಕ್ಕಾಗಿ ನೆಲ ಅಗೆಯುವವರು ಬಕಲ್ಲಿನೊಂದಿಗೆ ಆ ಬಿಲ್ಲೆಯನ್ನೂ ಒಯ್ದರೆ, ಉಳಿಯುವುದು ಹೆಸರಿಲ್ಲದ ಮೂಳೆಗಳು ಮಾತ್ರ.