ಹ್ಯಾಮಿಲ್ಟನ್ನನ ಪಿಸ್ತೂಲಿನ ಗುಪ್ತಕೀಲು

ಹಳೆಯ ಚಕಮಕಿ ಪಿಸ್ತೂಲುಗಳಲ್ಲಿ ಒಂದು ಸಹಜದೋಷವಿದ್ದಿತು. ಚಕಮಕಿಕಲ್ಲನ್ನು ಕಚ್ಚಿಕೊಂಡ ಕುದುರೆಯನ್ನು ಬಲವಾದ ಉಕ್ಕಿನ ಕಮಾನು ಮುಂದಕ್ಕೆ ಒತ್ತುತ್ತಿರುವುದು. ಅದನ್ನು ತಡೆದು ನಿಲ್ಲಿಸುವುದು ಒಂದು ಸಣ್ಣ ಹಲ್ಲು. ಹಲ್ಲು ಕಚ್ಚಿನಲ್ಲಿ ಆಳವಾಗಿ ಕುಳಿತಷ್ಟೂ ಟ್ರಿಗರನ್ನು ಎಳೆಯಲು ಹೆಚ್ಚು ಬಲ ಬೇಕು. ಬಲ ಹೆಚ್ಚಿದಷ್ಟೂ ಕೈ ಅಲುಗಿ ಗುರಿ ತಪ್ಪುವುದು. ಕಚ್ಚನ್ನು ತೇದು ತೆಳುಮಾಡಿದರೆ ಅಕಾಲದಲ್ಲಿ ಗುಂಡು ಹಾರುವ ಭಯ. ಇದಕ್ಕೆ ಯೂರೋಪಿನ ಶಿಲ್ಪಿಗಳು ಕಂಡ ಪರಿಹಾರವೇ ಹೇರ್‌ಟ್ರಿಗರು. ಮೊದಲೇ ಬಿಗಿದಿಟ್ಟ ಬೇರೊಂದು ಕಿರುಕಮಾನು ಬೆರಳಿನ ಸೋಂಕಿಗೇ ಬಿಡುಗಡೆಯಾಗಿ ಹಲ್ಲನ್ನು ಹೊಡೆದು ಸರಿಸುವುದು. ಬಲವು ಕಮಾನಿನದು, ಬೆರಳಿನದು ಅಪ್ಪಣೆ ಮಾತ್ರ.

ಇಂತಹ ಕಿರುಕಮಾನೊಂದು ಅಮೆರಿಕದ ಇತಿಹಾಸದಲ್ಲಿ ವಿವಾದಕ್ಕೆ ಕಾರಣವಾಗಿದೆ. 1804ನೆಯ ಜುಲೈ 11ರಂದು ನ್ಯೂಜೆರ್ಸಿಯ ವೀಹಾಕನ್ನಿನಲ್ಲಿ ಉಪಾಧ್ಯಕ್ಷ ಆರನ್ ಬರ್ರನಿಗೂ ಮಾಜಿ ಅರ್ಥಸಚಿವ ಅಲೆಗ್ಸಾಂಡರ್ ಹ್ಯಾಮಿಲ್ಟನ್ನನಿಗೂ ದ್ವಂದ್ವಯುದ್ಧವಾಯಿತು. ಹ್ಯಾಮಿಲ್ಟನ್ನನು ಮರುದಿನ ಮೃತನಾದನು. ಮೊದಲ ಗುಂಡನ್ನು ಬರ್ರನ ಮೇಲೆ ಹಾರಿಸುವುದಿಲ್ಲವೆಂದು ಆತನು ಮುಂಚೆಯೇ ಬರೆದಿಟ್ಟಿದ್ದನು. ಆತನ ಪಕ್ಷದ ಪೆಂಡಲ್ಟನ್ನನ ಮತದಲ್ಲಿ ಏಟು ತಗುಲಿದ ಮೇಲೆಯೇ ಆತನ ಪಿಸ್ತೂಲು ತನಗೆ ತಾನೇ ಹಾರಿತು. ಬರ್ರನ ಪಕ್ಷದ ವ್ಯಾನ್ ನೆಸ್ಸನ ಮತದಲ್ಲಿ ಹ್ಯಾಮಿಲ್ಟನ್ನನೇ ಮೊದಲು ಹಾರಿಸಿದನು.

ಆ ಪಿಸ್ತೂಲುಗಳು ಲಂಡನ್ನಿನ ವಾಗ್ಡನ್ ಮತ್ತು ಬಾರ್ಟನ್ನರವು. ಹ್ಯಾಮಿಲ್ಟನ್ನನ ಪತ್ನಿಯ ಅಕ್ಕನ ಗಂಡನಾದ ಜಾನ್ ಚರ್ಚನ ಸೊತ್ತು. ಸುಮಾರು 1976ರಲ್ಲಿ ಪ್ರತಿಕೃತಿಗಳನ್ನು ಮಾಡಿಸುವ ಸಲುವಾಗಿ ಅವನ್ನು ಪರೀಕ್ಷಿಸಲಾಗಿ ಒಳಗೆ ಗುಪ್ತವಾದ ಹೇರ್‌ಟ್ರಿಗರು ಕಂಡುಬಂದಿತು. ಕೀಲನ್ನು ಹೂಡಿದರೆ ಅರ್ಧ ಪೌಂಡಿನಷ್ಟು ಎಳೆತವೇ ಸಾಕು. ಹೂಡದಿದ್ದರೆ ಸುಮಾರು ಹತ್ತು ಪೌಂಡು ಬೇಕು. ಹ್ಯಾಮಿಲ್ಟನ್ನನು ಗುಟ್ಟಾಗಿ ಕೀಲನ್ನು ಹೂಡಿದನೆಂದೂ, ಅದು ಆತನನ್ನೇ ವಂಚಿಸಿ ಮುಂಚಿತವಾಗಿ ಹಾರಿತೆಂದೂ ಶಸ್ತ್ರೇತಿಹಾಸಜ್ಞ ಮೆರಿಲ್ ಲಿಂಡ್ಸೆ ಊಹಿಸಿದನು.

ಈ ಊಹೆ ನನಗೆ ಸಮ್ಮತವಲ್ಲ. ಗುಟ್ಟೆಂಬುದಕ್ಕೇ ಬಾಧಕವುಂಟು. ಪಿಸ್ತೂಲನ್ನು ಕೈಗೆ ಕೊಡುವಾಗ ಕಿರುಕಮಾನನ್ನು ಹೂಡಬೇಕೆ ಎಂದು ಕೇಳಲಾಯಿತೆಂದೂ, ಈ ಬಾರಿ ಬೇಡವೆಂದು ಉತ್ತರ ಬಂದಿತೆಂದೂ ಪೆಂಡಲ್ಟನ್ನನು 1804ರ ಜುಲೈ ತಿಂಗಳಲ್ಲಿಯೇ ಬರೆದಿದ್ದಾನೆ. 1976ರಲ್ಲಿ ತೆರೆದದ್ದು ಕಬ್ಬಿಣದ ಕೀಲು. ಮಾತಿನ ಕೀಲು ಮೊದಲೇ ತೆರೆದೇ ಇತ್ತು! ಲಿಖಿತಪ್ರಮಾಣವನ್ನು ಓದದೆ ಲೋಹವನ್ನು ಬಿಚ್ಚಿದರೆ ಹೀಗಾಗುವುದು. ಇಲ್ಲಿ 'ಈ ಬಾರಿ' ಎಂಬ ಪದವು ಸಾಕಾಂಕ್ಷವಾದುದು. ಮುಂದಿನ ಬಾರಿಯನ್ನು ಅದು ಅಪೇಕ್ಷಿಸುತ್ತದೆ. ಎರಡನೆಯ ಗುಂಡನ್ನೂ ಬಿಟ್ಟುಬಿಡುವ ಯೋಚನೆ ತನಗಿದೆಯೆಂದು ಮಾತ್ರ ಆತನು ಬರೆದಿದ್ದನು, ನಿಶ್ಚಯವನ್ನು ಹೇಳಿರಲಿಲ್ಲ. ಅದಕ್ಕೆ ಇದು ಒಪ್ಪುತ್ತದೆ.

ಆದರೆ ಪೆಂಡಲ್ಟನ್ನನಿಗೂ ಒಂದು ತೊಡಕುಂಟು. ಕೀಲು ಹೂಡದಿದ್ದ ಪಕ್ಷದಲ್ಲಿ, ಹತ್ತು ಪೌಂಡಿನ ಟ್ರಿಗರು ಇಚ್ಛೆಯಿಲ್ಲದೆ ಎಳೆಯಲ್ಪಟ್ಟುದು ಹೇಗೆ? ಗುಂಡೇಟು ತಿಂದವನ ಮುಷ್ಟಿ ಬಿಗಿದುಕೊಳ್ಳುವುದು ಅಸಂಭವವಲ್ಲ, ಮತ್ತು ಬಿಗಿದ ಮುಷ್ಟಿಗೆ ಹತ್ತು ಪೌಂಡು ದೊಡ್ಡದಲ್ಲ. ದೋಣಿಯಲ್ಲಿ ಎಚ್ಚೆತ್ತ ಹ್ಯಾಮಿಲ್ಟನ್ನನು ಪಿಸ್ತೂಲು ಇನ್ನೂ ಹಾರಿಲ್ಲ, ಜೋಕೆ ಎಂದನೆಂದು ವೈದ್ಯ ಹೋಸಾಕನು ಬರೆದಿರುವುದು ಇದಕ್ಕೆ ಉಪೋದ್ಬಲಕ. ಹೋಸಾಕನು ಆತನ ಮಿತ್ರನಾದುದರಿಂದ ಆ ಸಾಕ್ಷ್ಯದ ತೂಕವನ್ನು ಸ್ವಲ್ಪ ಕಡಮೆಮಾಡಿಕೊಳ್ಳಬಹುದು. ಇನ್ನು ದೇವದಾರುವಿನ ಕೊಂಬೆಗೆ, ನೆಲದಿಂದ ಹನ್ನೆರಡು ಅಡಿಗೂ ಮೇಲೆ, ಗುಂಡು ತಗುಲಿದ್ದುದನ್ನು ಪೆಂಡಲ್ಟನ್ನನು ಹ್ಯಾಮಿಲ್ಟನ್ನನ ಮರಣದ ಮರುದಿನ ಕಂಡನಷ್ಟೆ. ಅದು ಎರಡು ಪಕ್ಷಗಳಿಗೂ ಸಮಾನವಾಗಿ ಹೊಂದುವುದರಿಂದ ನಿರ್ಣಯಕ್ಕೆ ಬಾರದು.