ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ತೆರೆಯುತ್ತಿಲ್ಲವೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

ರಾತ್ರಿ ಅಪ್‌ಡೇಟ್‌ಗೆ ಹಾಕಿ ಮಲಗಿದರೆ ಬೆಳಗ್ಗೆ ವಿಂಡೋಸ್ ತೆರೆಯುವುದೇ ಇಲ್ಲ. ನೀಲಿ ಪರದೆ, ಇಲ್ಲವೇ ಸುತ್ತುತ್ತಲೇ ಇರುವ ಚುಕ್ಕೆಗಳು. ಅಂಗಡಿಗೆ ಒಯ್ದರೆ ಬರುವ ಮೊದಲ ಮಾತು, 'ಫಾರ್ಮ್ಯಾಟ್ ಹೊಡೀಬೇಕು'. ಹಾಗೆ ಮಾಡಿದರೆ ಮದುವೆ ಫೋಟೊ, ಪಾಸ್‌ಪೋರ್ಟ್ ಸ್ಕ್ಯಾನ್, ಅಂಗಡಿಯ ಲೆಕ್ಕ ಎಲ್ಲವೂ ಹೋಗಬಹುದು. ನಿಜ ಹೇಳಬೇಕೆಂದರೆ, ಅಪ್‌ಡೇಟ್ ಕೆಟ್ಟಾಗ ಹಾಳಾಗುವುದು ಸಾಮಾನ್ಯವಾಗಿ ವಿಂಡೋಸ್‌ನ ಫೈಲ್‌ಗಳು ಮಾತ್ರ. ನಿಮ್ಮ ಫೈಲ್‌ಗಳು ಡಿಸ್ಕ್‌ನಲ್ಲಿ ಹಾಗೆಯೇ ಇರುತ್ತವೆ. ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುವ ಕ್ರಮ ಇಲ್ಲಿದೆ.

ಯಾಕೆ ಹೀಗಾಗುತ್ತದೆ?

ಅಪ್‌ಡೇಟ್ ನಡುವೆ ಕರೆಂಟು ಹೋಗುವುದು, ಲ್ಯಾಪ್‌ಟಾಪ್ ಚಾರ್ಜ್ ಮುಗಿಯುವುದು, ಸಿ ಡ್ರೈವ್‌ನಲ್ಲಿ ಜಾಗ ಇಲ್ಲದಿರುವುದು, ಹಳೆಯ ಡ್ರೈವರ್ ಹೊಂದದಿರುವುದು ಮುಖ್ಯ ಕಾರಣಗಳು. ಕೆಲವೊಮ್ಮೆ ತಪ್ಪು ಅಪ್‌ಡೇಟ್ ಕಳಿಸಿದವರದ್ದೇ ಆಗಿರುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟ ದಿನ ಅದು. ಅಂದು ಕೂಡ ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡ್‌ನಲ್ಲಿ ತೆರೆದು ಕೆಟ್ಟ ಫೈಲ್ ಅಳಿಸಿದರೆ ಸಾಕಾಗಿತ್ತು.

ಮೊದಲು ನೋಡಬೇಕಾದದ್ದು

* ಫ್ಯಾನ್ ತಿರುಗುವುದಿಲ್ಲ, ಲೈಟ್ ಉರಿಯುವುದಿಲ್ಲ, ಇಲ್ಲವೇ ಬೀಪ್ ಶಬ್ದ ಬರುತ್ತದೆ ಎಂದಾದರೆ ತೊಂದರೆ ಹಾರ್ಡ್‌ವೇರ್‌ನದ್ದು ಇರಬಹುದು. ಅದಕ್ಕೆ ಈ ಕ್ರಮ ಉಪಯೋಗವಿಲ್ಲ.
* 'ಅನ್‌ಡೂಯಿಂಗ್ ಚೇಂಜಸ್' ಎಂದು ಕಂಡರೆ ಆಫ್ ಮಾಡಬೇಡಿ. ಕಂಪ್ಯೂಟರ್ ತಾನೇ ಹಿಂದಕ್ಕೆ ಹೋಗುತ್ತಿದೆ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಎರಡು-ಮೂರು ಗಂಟೆ ಹಿಡಿದರೂ ಕಾಯಿರಿ.
* ಪೆನ್‌ಡ್ರೈವ್, ಪ್ರಿಂಟರ್, ಡಾಂಗಲ್ ಎಲ್ಲ ತೆಗೆಯಿರಿ. ಪವರ್ ಬಟನ್ 15ರಿಂದ 30 ಸೆಕೆಂಡ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ, ಚಾರ್ಜರ್ ಹಾಕಿ ಪುನಃ ಆನ್ ಮಾಡಿ. ಕೆಲವು ಸಲ ಇಷ್ಟಕ್ಕೇ ಸರಿಯಾಗುತ್ತದೆ.

ರಿಪೇರಿ ಪುಟಕ್ಕೆ ಹೋಗುವುದು

ವಿಂಡೋಸ್ ಸತತ ಎರಡು ಸಲ ತೆರೆಯದಿದ್ದರೆ ಮುಂದಿನ ಸಲ ರಿಪೇರಿ ಪುಟ ತಾನಾಗಿಯೇ ಬರುತ್ತದೆ. ಬಾರದಿದ್ದರೆ, ಆನ್ ಮಾಡಿ ಲೋಗೋ ಕಂಡ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಸಲ ಹೀಗೆ ಮಾಡಿ ಮೂರನೇ ಸಲ ಬಿಟ್ಟುಬಿಡಿ. ನೀಲಿ ಪುಟದಲ್ಲಿ 'ಟ್ರಬಲ್‌ಶೂಟ್', ಅದರೊಳಗೆ 'ಅಡ್ವಾನ್ಸ್‌ಡ್ ಆಪ್ಶನ್ಸ್' ತೆರೆಯಿರಿ. ಅಲ್ಲಿ ಈ ಕ್ರಮದಲ್ಲಿ ಪ್ರಯತ್ನಿಸಿ:

1. ಸ್ಟಾರ್ಟಪ್ ರಿಪೇರ್: ತೆರೆಯಲು ಬೇಕಾದ ಫೈಲ್‌ಗಳನ್ನು ತಾನೇ ಸರಿಪಡಿಸಲು ನೋಡುತ್ತದೆ.

2. ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್: ತಿಂಗಳ ಅಪ್‌ಡೇಟ್‌ನಿಂದ ತೊಂದರೆಯಾದರೆ 'ಕ್ವಾಲಿಟಿ ಅಪ್‌ಡೇಟ್' ತೆಗೆಯಿರಿ. ವಿಂಡೋಸ್ 10ರಿಂದ 11ಕ್ಕೆ ಹೋದದ್ದೇ ಕಾರಣವಾದರೆ 'ಫೀಚರ್ ಅಪ್‌ಡೇಟ್' ತೆಗೆಯಬೇಕು. ಇದಕ್ಕೆ ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ.

3. ಸಿಸ್ಟಮ್ ರಿಸ್ಟೋರ್: ಹಿಂದಿನ ದಿನಾಂಕದ ಸ್ಥಿತಿಗೆ ಮರಳಿಸುತ್ತದೆ. ಆ ಬಳಿಕ ಹಾಕಿದ ಸಾಫ್ಟ್‌ವೇರ್ ಹೋಗುತ್ತದೆ, ಫೋಟೊ-ದಾಖಲೆಗಳಿಗೆ ಏನೂ ಆಗುವುದಿಲ್ಲ.

4. ಸ್ಟಾರ್ಟಪ್ ಸೆಟ್ಟಿಂಗ್ಸ್: ರೀಸ್ಟಾರ್ಟ್ ಕೊಟ್ಟು 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್. ಇದರಲ್ಲಿ ತೆರೆದರೆ ಡ್ರೈವರ್ ಅಥವಾ ಯಾವುದೋ ಸಾಫ್ಟ್‌ವೇರ್ ಮೇಲೆ ಸಂಶಯ ಪಡಬಹುದು. ಇತ್ತೀಚೆಗೆ ಹಾಕಿದ್ದನ್ನು ತೆಗೆದು ನೋಡಿ.

48 ಅಂಕಿಯ ಕೀ ಕೇಳಿದರೆ

ಅನೇಕರು ಸಿಕ್ಕಿಬೀಳುವುದು ಇಲ್ಲೇ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ 'ಬಿಟ್‌ಲಾಕರ್' ಬೀಗ ಹೆಚ್ಚಾಗಿ ಮೊದಲೇ ಇರುತ್ತದೆ. ರಿಪೇರಿ ಪುಟಕ್ಕೆ ಹೋದಾಗ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಡಿವೈಸ್ ವಿಭಾಗದಲ್ಲಿ ನೋಡಿದರೆ ಕೀ ಸಿಗುತ್ತದೆ. ಪರದೆಯಲ್ಲಿರುವ ಕೀ ಐಡಿಗೆ ಹೊಂದುವುದನ್ನೇ ಹಾಕಿ.

ಲ್ಯಾಪ್‌ಟಾಪ್ ಮನೆಯಲ್ಲಿದ್ದು, ಅದನ್ನು ಸೆಟ್ ಮಾಡಿಕೊಟ್ಟವರು ದುಬೈಯಲ್ಲೋ ದಮಾಮ್‌ನಲ್ಲೋ ಇದ್ದರೆ ಕೀ ಅವರ ಅಕೌಂಟ್‌ನಲ್ಲಿರುತ್ತದೆ. ಅವರಿಗೆ ಒಂದು ಕಾಲ್ ಮಾಡಿ. ಕಚೇರಿಯ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗವನ್ನು ಕೇಳಿ. ಕೀ ಎಲ್ಲೂ ಇಲ್ಲದಿದ್ದರೆ ಬೀಗ ಬಿದ್ದ ಡೇಟಾವನ್ನು ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು.

ಏನೂ ಆಗದಿದ್ದರೆ ಮೊದಲು ಡೇಟಾ ತೆಗೆಯಿರಿ

ಅಡ್ವಾನ್ಸ್‌ಡ್ ಆಪ್ಶನ್ಸ್‌ನಲ್ಲಿ 'ಕಮಾಂಡ್ ಪ್ರಾಂಪ್ಟ್' ತೆರೆದು 'ನೋಟ್‌ಪ್ಯಾಡ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಅದರಲ್ಲಿ ಫೈಲ್, ಓಪನ್ ಕೊಟ್ಟು, ಕೆಳಗೆ 'ಆಲ್ ಫೈಲ್ಸ್' ಆರಿಸಿದರೆ ಎಲ್ಲ ಡ್ರೈವ್‌ಗಳು ಕಾಣುತ್ತವೆ. 'ಯೂಸರ್ಸ್' ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇರುತ್ತವೆ. ಬಲ ಕ್ಲಿಕ್‌ನಲ್ಲಿ ಕಾಪಿ ಮಾಡಿ, ಪೆನ್‌ಡ್ರೈವ್‌ನಲ್ಲಿ ಪೇಸ್ಟ್ ಮಾಡಿ. ಸಿ ಡ್ರೈವ್‌ಗೆ ಇಲ್ಲಿ ಬೇರೆ ಅಕ್ಷರ ಬಂದಿರಬಹುದು. ಎಷ್ಟು ಕಾಪಿ ಆಯಿತೆಂದು ಪರದೆ ತೋರಿಸುವುದಿಲ್ಲ, ಸ್ತಬ್ಧವಾದಂತೆ ಕಾಣುತ್ತದೆ, ತಾಳ್ಮೆ ಬೇಕು. ಲೆಕ್ಕದ ಸಾಫ್ಟ್‌ವೇರ್‌ನ ಡೇಟಾ ಬೇರೆ ಫೋಲ್ಡರ್‌ನಲ್ಲಿರಬಹುದು, ಮರೆಯಬೇಡಿ.

ಆಮೇಲೆ 'ರಿಸೆಟ್ ದಿಸ್ ಪಿಸಿ'ಯಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿ. ಸಾಫ್ಟ್‌ವೇರ್‌ಗಳು ಹೋಗುತ್ತವೆ, ಫೈಲ್‌ಗಳು ಉಳಿಯುತ್ತವೆ. 'ರಿಮೂವ್ ಎವ್ರಿಥಿಂಗ್' ಒತ್ತಿದರೆ ಎಲ್ಲವೂ ಹೋಯಿತೆಂದೇ ಲೆಕ್ಕ. ರಿಪೇರಿ ಪುಟವೇ ಬಾರದಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ವೆಬ್‌ಸೈಟ್‌ನಿಂದ 8 ಜಿಬಿ ಖಾಲಿ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕಿಕೊಂಡು, ಅದರಿಂದ ಬೂಟ್ ಮಾಡಿ 'ರಿಪೇರ್ ಯುವರ್ ಕಂಪ್ಯೂಟರ್' ಆರಿಸಬಹುದು.

ಅಂಗಡಿಗೆ ಕೊಡುವುದಾದರೆ

'ಡೇಟಾ ತೆಗೆದ ಮೇಲೆಯೇ ಫಾರ್ಮ್ಯಾಟ್' ಎಂದು ಬಿಲ್‌ನಲ್ಲೇ ಬರೆಸಿಕೊಳ್ಳಿ.

ಮುಂದಕ್ಕೆ

ಅಪ್‌ಡೇಟ್ ಪೂರ್ತಿ ನಿಲ್ಲಿಸುವುದು ಪರಿಹಾರವಲ್ಲ, ವೈರಸ್‌ಗೆ ಬಾಗಿಲು ತೆರೆದಂತೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿರುವುದರಿಂದ 11ಕ್ಕೆ ಹೋಗುವವರು ಹೆಚ್ಚು. ಅದಕ್ಕೆ ಮೊದಲು ಬ್ಯಾಕಪ್ ಇರಲೇಬೇಕು. ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇಡಿ. ಮಳೆಗಾಲದಲ್ಲಿ ಗುಡುಗು-ಮಿಂಚು ಇರುವ ರಾತ್ರಿ ಅಪ್‌ಡೇಟ್ ಬೇಡ. ಕಂಪ್ಯೂಟರ್ ಈಗ ಸರಿಯಾಗಿದ್ದರೆ ಇಂದೇ ಬಿಟ್‌ಲಾಕರ್ ಕೀ ಹುಡುಕಿ, ಕಾಗದದಲ್ಲಿ ಬರೆದು ಆಧಾರ್, ಪಾಸ್‌ಪೋರ್ಟ್ ಇಡುವ ಫೈಲ್‌ನಲ್ಲೇ ಇಟ್ಟುಬಿಡಿ.